ಬಿಳಿಯಾಗಿ ಕಾಣದ ರಕ್ತ



ತಲೆಗೆ ಪೆಟ್ಟು ಬಿದ್ದವರ ಸಿ.ಟಿ. ಸ್ಕ್ಯಾನ್ ತೆಗೆದಾಗ ತಲೆಬುರುಡೆಯೊಳಗೆ ಸೋರಿದ ರಕ್ತ ಬಿಳಿಯಾಗಿ ಕಾಣುತ್ತದೆ. ವೈದ್ಯಕೀಯ ಓದುವ ಮಕ್ಕಳಿಗೆ ನಾವು ಹೇಳಿಕೊಡುವ ಮೊದಲ ಪಾಠ ಇದು. ಬಹುಪಾಲು ಸಂದರ್ಭಗಳಲ್ಲಿ ಈ ಪಾಠ ಸರಿಯೇ. ಇವತ್ತು ನಾನು ಮಾತಾಡಬೇಕೆಂದಿರುವುದು ಈ ಪಾಠಕ್ಕೆ ಒಗ್ಗದ ರಕ್ತದ ಬಗ್ಗೆ. ಕೆಲವೊಮ್ಮೆ ಅದು ಬೂದು ಬಣ್ಣದಲ್ಲಿ ಮೆದುಳಿನೊಂದಿಗೆ ಬೆರೆತು ಕುಳಿತಿರುತ್ತದೆ. ಕೆಲವೊಮ್ಮೆ ಕಪ್ಪಗೆ, ನೀರಿನ ಹಾಗೆ ಕಾಣುತ್ತದೆ. ಕೆಲವೊಮ್ಮೆ ಮೇಲರ್ಧ ಕಪ್ಪು, ಕೆಳಗರ್ಧ ಬಿಳುಪು, ನಡುವೆ ಒಂದು ನೇರ ಗೆರೆ. ಇನ್ನು ಕೆಲವೊಮ್ಮೆ ಮೊದಲ ಸ್ಕ್ಯಾನಿನಲ್ಲಿ ಏನೂ ಇರುವುದಿಲ್ಲ, ಮರುದಿನದ ಸ್ಕ್ಯಾನಿನಲ್ಲಿ ಇರುತ್ತದೆ.

ಇದು ವೈದ್ಯರು ತಮ್ಮ ತಮ್ಮಲ್ಲೇ ಆಡಿಕೊಳ್ಳುವ ಮಾತಲ್ಲವೇ, ನಮಗೇಕೆ ಎಂದು ನೀವು ಕೇಳಬಹುದು. ಇಂಥ ಚಿತ್ರಗಳ ಒಗಟನ್ನು ಬಿಡಿಸುವ ಸುಳಿವು ಎಷ್ಟೋ ಸಲ ಯಂತ್ರದಲ್ಲಿರುವುದಿಲ್ಲ, ರೋಗಿಯ ಜೊತೆ ಬಂದ ಮನೆಯವರಲ್ಲಿರುತ್ತದೆ. ಬಿದ್ದದ್ದು ಎಷ್ಟು ಹೊತ್ತಿಗೆ, ಮನೆಯಲ್ಲಿ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ರಕ್ತ ಕಡಿಮೆ ಇದೆ ಎಂದು ಹಿಂದೆ ಯಾರಾದರೂ ಹೇಳಿದ್ದರೇ, ಹೋದ ತಿಂಗಳು ಬಚ್ಚಲಲ್ಲಿ ಜಾರಿದ್ದರೇ. ಆ ಮಾತು ಸ್ಕ್ಯಾನ್ ಓದುವವರ ತನಕ ಬಂದರೆ ಅದೇ ಚಿತ್ರಕ್ಕೆ ಬೇರೆ ಅರ್ಥ ಬರುತ್ತದೆ.

ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ ಭಾಗದಲ್ಲಿ ಇರುವವರಿಗೆ ತಲೆಯ ಪೆಟ್ಟು ದೂರದ ಸುದ್ದಿಯಲ್ಲ. 2025ರ ಜೂನ್ 9ರ ಬೆಳಿಗ್ಗೆ ದಿವಾ ಮತ್ತು ಮುಂಬ್ರಾ ನಡುವಿನ ತಿರುವಿನಲ್ಲಿ, ಎದುರುಬದುರಾಗಿ ಹಾದುಹೋದ ಎರಡು ಲೋಕಲ್‌ಗಳ ಬಾಗಿಲಲ್ಲಿ ಜೋತುಬಿದ್ದಿದ್ದ ಪ್ರಯಾಣಿಕರು ಹಳಿಗೆ ಬಿದ್ದರು. ಅಂದೇ ನಾಲ್ವರು ತೀರಿಕೊಂಡರು. ಆ ದಿನ ಅದು ದೇಶಕ್ಕೆಲ್ಲ ಸುದ್ದಿಯಾಯಿತು. ಆದರೆ ಹಳಿಯ ಬದಿಯಿಂದ ಸ್ಟ್ರೆಚರಿನಲ್ಲಿ ಬರುವ ಒಬ್ಬೊಬ್ಬರೇ ಗಾಯಾಳುಗಳು ಪತ್ರಿಕೆಯ ಮೂಲೆಯಲ್ಲೂ ಕಾಣುವುದಿಲ್ಲ. ಘೋಡಬಂದರ್ ರಸ್ತೆಯಲ್ಲಿ, ಕಲ್ಯಾಣ್–ಶಿಳ್ ರಸ್ತೆಯಲ್ಲಿ ಮಳೆಗಾಲದ ಗುಂಡಿಗೆ ಸಿಕ್ಕಿ ಬೀಳುವ ಬೈಕ್ ಸವಾರರಿದ್ದಾರೆ. ಕಟ್ಟಡದ ಕೆಲಸಕ್ಕೆಂದು ಕಲಬುರಗಿ, ವಿಜಯಪುರದ ಕಡೆಯಿಂದ ಬಂದು ಸಾರುವೆಯಿಂದ ಬೀಳುವ ನಮ್ಮವರಿದ್ದಾರೆ. ಗೋಕುಲಾಷ್ಟಮಿಯ ಮರುದಿನ ಠಾಣೆಯ ದಹಿಹಂಡಿಯಲ್ಲಿ ಮಾನವ ಗೋಪುರದ ಮೇಲಿನ ಹಂತದಿಂದ ಬೀಳುವ ಗೋವಿಂದಾ ಹುಡುಗರಿದ್ದಾರೆ. ಮತ್ತೆ, ಯಾರ ಗಮನಕ್ಕೂ ಬಾರದೆ, ಉಡುಪಿಯಿಂದಲೋ ಹುಬ್ಬಳ್ಳಿಯಿಂದಲೋ ಮಗನ ಮನೆಗೆ ಬಂದು ಡೊಂಬಿವಲಿಯ ಫ್ಲ್ಯಾಟಿನ ನುಣುಪು ಟೈಲ್ಸ್ ಮೇಲೆ ಜಾರುವ ಅಜ್ಜ ಅಜ್ಜಿಯರಿದ್ದಾರೆ. ಈ ಕೊನೆಯವರ ವಿಷಯಕ್ಕೆ ಆಮೇಲೆ ವಿವರವಾಗಿ ಬರುತ್ತೇನೆ.

ಮೊದಲು ಈ ಯಂತ್ರ ಏನನ್ನು ನೋಡುತ್ತದೆ ಎಂಬುದನ್ನು ಹೇಳಬೇಕು. ಇಂಗ್ಲೆಂಡಿನಲ್ಲಿ ಇ.ಎಂ.ಐ. ಎಂಬ ಕಂಪನಿಯಲ್ಲಿ ಎಂಜಿನಿಯರಾಗಿದ್ದ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಈ ಯಂತ್ರವನ್ನು ಕಟ್ಟಿದರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಅದು ಮೊದಲ ಸಲ ಒಬ್ಬ ರೋಗಿಯ ತಲೆಯ ಚಿತ್ರ ತೆಗೆಯಿತು. 1979ರಲ್ಲಿ ಹೌನ್ಸ್‌ಫೀಲ್ಡ್ ಅವರಿಗೂ ಅದರ ಗಣಿತವನ್ನು ಬೇರೆಯಾಗಿಯೇ ಕಂಡುಕೊಂಡಿದ್ದ ಆ್ಯಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಬಂತು. ಎಕ್ಸ್‌ರೇ ಕಿರಣವನ್ನು ಸುತ್ತಲಿಂದ ಹಾಯಿಸಿ, ಒಳಗಿನ ಪ್ರತಿಯೊಂದು ಚುಕ್ಕೆಯೂ ಎಷ್ಟು ಕಿರಣವನ್ನು ಹೀರಿಕೊಂಡಿತು ಎಂದು ಲೆಕ್ಕಹಾಕಿ, ಆ ಚುಕ್ಕೆಗೆ ಒಂದು ಅಂಕಿ ಕೊಡುವುದು ಯಂತ್ರದ ಕೆಲಸ. ಆ ಅಂಕಿಗೆ ಹೌನ್ಸ್‌ಫೀಲ್ಡ್ ಅವರ ಹೆಸರೇ ನಿಂತಿದೆ. ನೀರಿಗೆ 0, ಗಾಳಿಗೆ ಮೈನಸ್ 1000, ಗಟ್ಟಿ ಮೂಳೆಗೆ 1000ದ ಆಸುಪಾಸು. ಮೆದುಳಿನ ಅಂಕಿ ಸುಮಾರು 25ರಿಂದ 40. ಹೆಪ್ಪುಗಟ್ಟಿದ ಹೊಸ ರಕ್ತದ್ದು 60ರಿಂದ 80.

ಮೆದುಳಿಗೂ ಹೆಪ್ಪಿಗೂ ಇರುವ ಅಂತರ ಎಷ್ಟು ಕಡಿಮೆ ನೋಡಿ. ಗಾಳಿಯಿಂದ ಮೂಳೆಯವರೆಗೆ ಎರಡು ಸಾವಿರ ಮೆಟ್ಟಿಲಿದ್ದರೆ, ನಮ್ಮ ರೋಗಿಯ ಜೀವ ಮರಣ ತೀರ್ಮಾನವಾಗುವುದು ಮೂವತ್ತು ನಲವತ್ತು ಮೆಟ್ಟಿಲಿನ ವ್ಯತ್ಯಾಸದಲ್ಲಿ. ಇಷ್ಟು ಸಣ್ಣ ವ್ಯತ್ಯಾಸ ಕಣ್ಣಿಗೆ ಹಿಡಿಯಲೆಂದೇ ನಾವು ಪರದೆಯಲ್ಲಿ ಹೆಚ್ಚುಕಡಿಮೆ 0ಯಿಂದ 80ರವರೆಗಿನ ಅಂಕಿಗಳನ್ನು ಮಾತ್ರ ಬೂದು ಬಣ್ಣದ ಛಾಯೆಗಳಾಗಿ ಹರಡಿಕೊಳ್ಳುತ್ತೇವೆ. 80ರ ಮೇಲಿನದೆಲ್ಲ ಒಂದೇ ಬಿಳಿ. ಇದರಿಂದ ಒಂದು ತೊಡಕು ಹುಟ್ಟುತ್ತದೆ. ತಲೆಬುರುಡೆಯ ಒಳಮೈಗೆ ಅಂಟಿಕೊಂಡ ತೆಳ್ಳನೆಯ ರಕ್ತದ ಪದರ ಮೂಳೆಯ ಬಿಳುಪಿನಲ್ಲಿ ಕರಗಿಹೋಗುತ್ತದೆ. ಛಾಯೆಯ ವ್ಯಾಪ್ತಿಯನ್ನು ಹಿಗ್ಗಿಸಿ ಎರಡನೇ ಸಲ ನೋಡಿದಾಗ ಮೂಳೆ ಬೇರೆ, ರಕ್ತ ಬೇರೆ ಎಂದು ಬಿಡಿಸಿ ಕಾಣುತ್ತದೆ. ಹಾಗೆಯೇ ನೆತ್ತಿಯಲ್ಲಿ ಸೇರಿದ ರಕ್ತ. ಯಂತ್ರ ತಲೆಯನ್ನು ಅಡ್ಡಡ್ಡ ಹೋಳುಗಳಾಗಿ ತೋರಿಸುತ್ತದೆ. ನೆತ್ತಿಯ ರಕ್ತದ ಗೆಡ್ಡೆ ಆ ಹೋಳುಗಳಿಗೆ ಸಮಾನಾಂತರವಾಗಿ ಮಲಗಿರುವುದರಿಂದ ಕೊನೆಯ ಒಂದೆರಡು ಚಿತ್ರಗಳಲ್ಲಿ ಮೂಳೆಯ ಮಸುಕಿನಂತೆ ಕಂಡು ತಪ್ಪಿಹೋಗುತ್ತದೆ. ಅದೇ ಮಾಹಿತಿಯನ್ನು ಕಿವಿಯಿಂದ ಕಿವಿಗೆ, ನೆಟ್ಟಗೆ ಕತ್ತರಿಸಿದಂತೆ ಮರುಜೋಡಿಸಿ ನೋಡಿದರೆ ಸ್ಪಷ್ಟವಾಗುತ್ತದೆ.

ರಕ್ತ ಬಿಳಿಯಾಗಿ ಕಾಣುವುದು ಅದರಲ್ಲಿರುವ ಕಬ್ಬಿಣದಿಂದ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಹಿಮೋಗ್ಲೋಬಿನ್ನಿನ ಪ್ರೋಟೀನ್ ಭಾಗ, ಅಂದರೆ ಗ್ಲೋಬಿನ್, ದಟ್ಟವಾಗಿ ಒಂದೆಡೆ ಸೇರುವುದರಿಂದ ಆ ಬಿಳುಪು. ರಕ್ತನಾಳದಿಂದ ಈಗಷ್ಟೇ ಹೊರಬಂದ ದ್ರವರೂಪದ ರಕ್ತ ಅಷ್ಟು ದಟ್ಟವಾಗಿರುವುದಿಲ್ಲ, ಮೆದುಳಿಗಿಂತ ಸ್ವಲ್ಪವೇ ಮೇಲು. ಮೊಸರು ಹೆಪ್ಪಾಗಿ ನೀರೊಡೆದಾಗ ಗಟ್ಟಿ ಬೇರೆ, ತಿಳಿ ಬೇರೆ ಆಗುವಂತೆ ರಕ್ತವೂ ಹೆಪ್ಪುಗಟ್ಟಿ, ಕುಗ್ಗಿ, ತಿಳಿನೀರನ್ನು ಹಿಂಡಿ ಹೊರಗೆ ಹಾಕುತ್ತದೆ. ಆಮೇಲೆ ಉಳಿದ ಗಟ್ಟಿಯೇ ನಮಗೆ ಬೆಳ್ಳಗೆ ಕಾಣುವುದು. ಇದಕ್ಕೆ ಸ್ವಲ್ಪ ಹೊತ್ತು ಬೇಕು. ದಿನಗಳು ಕಳೆದಂತೆ ಹೆಪ್ಪು ಕರಗುತ್ತ ಬಿಳುಪು ಇಳಿಯುತ್ತದೆ. ಒಂದರಿಂದ ಮೂರು ವಾರದ ನಡುವೆ ಅದು ಮೆದುಳಿನ ಬಣ್ಣಕ್ಕೆ ಬಂದು ನಿಲ್ಲುತ್ತದೆ. ಮೂರು ವಾರ ದಾಟಿದ ಮೇಲೆ ಮೆದುಳಿಗಿಂತ ಕಪ್ಪಾಗುತ್ತದೆ.

ಹೀಗಿರುವಾಗ ಬಹಳ ಬೇಗ ತೆಗೆದ ಸ್ಕ್ಯಾನಿಗೆ ತನ್ನದೇ ಆದ ಅಪಾಯವಿದೆ. ತಲೆಬುರುಡೆ ಮತ್ತು ಅದರ ಒಳಹೊದಿಕೆಯ ನಡುವೆ, ಮಸೂರದ ಆಕಾರದಲ್ಲಿ ಸೇರುವ ರಕ್ತಕ್ಕೆ ಎಕ್ಸ್‌ಟ್ರಾಡ್ಯೂರಲ್ ಎನ್ನುತ್ತೇವೆ. ಕಣತಲೆಯ ತೆಳು ಮೂಳೆ ಸೀಳಿ, ಅದರ ಒಳಗಡೆ ಹಾಯುವ ಅಪಧಮನಿ ಹರಿದಾಗ ಇದು ಆಗುವುದು ಹೆಚ್ಚು. ಬೆಳ್ಳಗಿನ ಗೆಡ್ಡೆಯ ನಡುವೆ ಕಪ್ಪು ಸುಳಿಯೊಂದು ಕಂಡರೆ ಹೊಸಬರು ಅದನ್ನು ಹಳೆಯ ರಕ್ತ ಎಂದು ತಿಳಿಯಬಹುದು. ಸತ್ಯ ಅದಕ್ಕೆ ತದ್ವಿರುದ್ಧ. ಆ ಕಪ್ಪು ಭಾಗ ಇನ್ನೂ ಹೆಪ್ಪುಗಟ್ಟದ, ಆ ಗಳಿಗೆಯಲ್ಲೂ ಸುರಿಯುತ್ತಿರುವ ರಕ್ತ. 1980ರ ದಶಕದಲ್ಲೇ ವೈದ್ಯರು ಈ ಸುಳಿಯನ್ನು ಗುರುತಿಸಿ ಬರೆದರು. ಇಂದಿಗೂ ಈ ಸುಳಿಯ ಚಿತ್ರ ಕಂಡರೆ ವರದಿ ಟೈಪಾಗುವವರೆಗೆ ಕಾಯದೆ ಫೋನೆತ್ತಿ ಶಸ್ತ್ರಚಿಕಿತ್ಸಕರಿಗೆ ಹೇಳಬೇಕು.

ನಮ್ಮ ಊರುಗಳ ದೂರ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಡೊಂಬಿವಲಿಯ ಸ್ಕ್ಯಾನ್ ಕೇಂದ್ರದಲ್ಲಿ ಚಿತ್ರ ತೆಗೆಯುತ್ತಾರೆ. ನರಶಸ್ತ್ರಚಿಕಿತ್ಸೆ ಬೇಕು ಎನಿಸಿದರೆ ರೋಗಿಯನ್ನು ಕಳವಾಕ್ಕೋ, ಸಯನ್‌ಗೋ, ಕೆ.ಇ.ಎಂ. ಆಸ್ಪತ್ರೆಗೋ ಕರೆದೊಯ್ಯಬೇಕಾಗುತ್ತದೆ. ಶಿಳ್‌ಫಾಟಾದ ಸಿಗ್ನಲ್, ಐರೋಲಿ ಸೇತುವೆ, ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ಸಂಜೆಯ ದಟ್ಟಣೆ. ಸಂಜೆ ಏಳಕ್ಕೆ ತೆಗೆದ ಫಿಲ್ಮು ರಾತ್ರಿ ಹತ್ತಕ್ಕೆ ಇನ್ನೊಂದು ಆಸ್ಪತ್ರೆಯ ಬೆಳಕಿನ ಪೆಟ್ಟಿಗೆಗೆ ಏರುತ್ತದೆ. ಆ ಮೂರು ಗಂಟೆಯಲ್ಲಿ ಒಳಗಿನ ರಕ್ತ ಸುಮ್ಮನೆ ಕುಳಿತಿರುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ತಲುಪಿದ ಕಡೆ ಮತ್ತೆ ಸ್ಕ್ಯಾನ್ ಮಾಡಿಸಿ ಎಂದರೆ ಮನೆಯವರಿಗೆ ಅನುಮಾನ ಬರುತ್ತದೆ, ಈಗ ತಾನೇ ತೆಗೆದದ್ದಲ್ಲವೇ, ದುಡ್ಡಿಗಾಗಿಯೇ ಹೀಗೆ ಹೇಳುತ್ತಾರೆ ಎಂದು. ಅವರ ಅನುಮಾನವನ್ನು ನಾನು ಹೀಗಳೆಯುವುದಿಲ್ಲ. ಆದರೆ ರೋಗಿಯ ಎಚ್ಚರ ಒಂದು ಮೆಟ್ಟಿಲಷ್ಟು ಇಳಿದಿದ್ದರೂ ಎರಡನೇ ಸ್ಕ್ಯಾನ್ ಬೇಕೇ ಬೇಕು.

ಈಗ ನನ್ನನ್ನು ಬಹಳ ಕಾಡುವ ಸಂಗತಿ ಹೇಳುತ್ತೇನೆ, ರಕ್ತಹೀನತೆ. ಬಿಳುಪು ಬರುವುದು ಹಿಮೋಗ್ಲೋಬಿನ್ನಿನಿಂದ ಎಂದೆನಲ್ಲ, ಅದೇ ಕಡಿಮೆ ಇದ್ದರೆ? 1981ರಲ್ಲಿ ಅಮೆರಿಕದ ವೈದ್ಯರು ಇದನ್ನೇ ಬರೆದರು. ಹಿಮೋಗ್ಲೋಬಿನ್ 8ರಿಂದ 10 ಗ್ರಾಮಿಗಿಂತ ಕೆಳಗೆ ಇಳಿದವರಲ್ಲಿ ಅವತ್ತೇ ಸೋರಿದ ರಕ್ತವೂ ಮೆದುಳಿನ ಬಣ್ಣದಲ್ಲೇ ಕಾಣಬಹುದು. ಎರಡು ವಾರದ ಹಳೆಯ ರಕ್ತದ ವೇಷದಲ್ಲಿ ಇವತ್ತಿನ ರಕ್ತ ಬಂದು ಕೂರುತ್ತದೆ. ನೋಡಿದವರು ಏನೂ ಇಲ್ಲ ಎಂದಾರು, ಇಲ್ಲವೇ ಹಳೆಯದು, ಅವಸರವಿಲ್ಲ ಎಂದಾರು. ಎರಡೂ ತಪ್ಪೇ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಮಹಾರಾಷ್ಟ್ರದಲ್ಲಿ ಶೇಕಡಾ 54ರಷ್ಟು, ಕರ್ನಾಟಕದಲ್ಲಿ 48ರ ಹತ್ತಿರ. ಇವರಲ್ಲಿ ಎಲ್ಲರ ಹಿಮೋಗ್ಲೋಬಿನ್ನೂ ಸ್ಕ್ಯಾನನ್ನು ದಾರಿ ತಪ್ಪಿಸುವಷ್ಟು ಇಳಿದಿರುವುದಿಲ್ಲ ನಿಜ. ಆದರೂ ಅಷ್ಟು ಇಳಿದವರು ನಮ್ಮಲ್ಲಿ ಅಪರೂಪವಲ್ಲ. ತಿಂಗಳು ತಿಂಗಳೂ ಹೆಚ್ಚು ಸ್ರಾವವಾಗುವ ಹೆಂಗಸರು, ಹೆರಿಗೆಯಾಗಿ ಹೆಚ್ಚು ದಿನವಾಗದವರು, ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗುವವರು, ಮೂಲವ್ಯಾಧಿಯಲ್ಲಿ ವರ್ಷಗಟ್ಟಲೆ ರಕ್ತ ಕಳೆದುಕೊಂಡು ಯಾರಿಗೂ ಹೇಳದ ಗಂಡಸರು, ಥಲಸ್ಸೀಮಿಯಾದ ಮಕ್ಕಳು. ಇವರಲ್ಲಿ ಒಬ್ಬರು ತಲೆಗೆ ಏಟು ತಿಂದು ಬಂದಾಗ ಅವರ ರಕ್ತದ ವರದಿ ಸ್ಕ್ಯಾನ್ ಕೋಣೆಯಲ್ಲಿ ನಮ್ಮ ಮುಂದೆ ಇರುವುದಿಲ್ಲ. ರಕ್ತದ ಮಾದರಿ ಕೆಳಗಿನ ಲ್ಯಾಬಿನಲ್ಲಿ, ರೋಗಿ ಯಂತ್ರದ ಮೇಲೆ, ಚಿತ್ರ ನಮ್ಮ ಪರದೆಯಲ್ಲಿ. ಮೂರನ್ನೂ ಜೋಡಿಸುವವರು ಯಾರು? "ಇವಳಿಗೆ ರಕ್ತ ಕಮ್ಮಿ ಅಂತ ಹೋದ ವರ್ಷ ಬಾಟಲಿ ಹಾಕಿದ್ರು ಡಾಕ್ಟ್ರೇ" ಎಂದು ತಾಯಿಯೊಬ್ಬರು ಹೇಳುವ ಒಂದು ವಾಕ್ಯ ಆ ಕೆಲಸ ಮಾಡಬಲ್ಲದು.

ಮೊದಲು ಆರೋಗ್ಯವಾಗಿದ್ದವರಲ್ಲೂ ಇದು ಆಗಬಹುದು. ರೈಲಿನಿಂದ ಬಿದ್ದವರಿಗೆ ತಲೆಯೊಂದಕ್ಕೇ ಪೆಟ್ಟಾಗುವುದಿಲ್ಲ. ತೊಡೆಯ ಮೂಳೆ ಮುರಿದಿರುತ್ತದೆ, ಹೊಟ್ಟೆಯೊಳಗೆ ಗುಲ್ಮ ಒಡೆದಿರುತ್ತದೆ. ಹೋದ ರಕ್ತಕ್ಕೆ ಬದಲಾಗಿ ಸಲೈನ್ ಏರಿಸಿದಂತೆ ಉಳಿದ ರಕ್ತ ತೆಳುವಾಗುತ್ತದೆ. ಅಂಥವರ ತಲೆಯೊಳಗೆ ಆಮೇಲೆ ಸೋರುವ ರಕ್ತ ಮೊದಲಿನಷ್ಟು ಬೆಳ್ಳಗಿರುವುದಿಲ್ಲ. ರಕ್ತದೊತ್ತಡ ನೆಲಕಚ್ಚಿದ್ದಾಗ ಹರಿದ ನಾಳವೂ ಸುಮ್ಮನಿರುತ್ತದೆ. ಒತ್ತಡ ಮೇಲೆದ್ದ ಮೇಲೆ ಸೋರಲು ತೊಡಗುತ್ತದೆ. ಹಾಗಾಗಿ ಕಾಲಿನ ಶಸ್ತ್ರಚಿಕಿತ್ಸೆ ಮುಗಿಸಿ ಬಂದ ಹುಡುಗ ಸರಿಯಾಗಿ ಎಚ್ಚರಗೊಳ್ಳದಿದ್ದರೆ, ಅರಿವಳಿಕೆ ಇನ್ನೂ ಇಳಿದಿಲ್ಲ ಎಂದು ಕಾಯುತ್ತ ಕೂರಬಾರದು.

ಬಣ್ಣ ಸಹಾಯಕ್ಕೆ ಬಾರದಾಗ ನಾವು ಏನು ನೋಡುತ್ತೇವೆ? ಮೆದುಳಿನ ಮೇಲ್ಮೈಯ ಮಡಿಕೆಗಳು ತಲೆಬುರುಡೆಯ ಅಂಚಿನ ತನಕ ಬಂದಿವೆಯೇ ಎಂದು ನೋಡುತ್ತೇವೆ. ಬಾರದೆ ಒಳಗೇ ನಿಂತಿದ್ದರೆ ನಡುವೆ ಏನೋ ಇದೆ. ಬೂದು ಪದರವೂ ಬಿಳಿ ಪದರವೂ ಸೇರುವ ಗಡಿ ಒಳಕ್ಕೆ ಬಾಗಿದೆಯೇ, ಒಂದು ಬದಿಯ ಕುಹರ ಒತ್ತಿಹೋಗಿದೆಯೇ, ನಡುಗೆರೆ ಪಕ್ಕಕ್ಕೆ ಸರಿದಿದೆಯೇ ಎಂದು ನೋಡುತ್ತೇವೆ. ಬಲಕ್ಕೂ ಎಡಕ್ಕೂ ಸಮನಾಗಿ ರಕ್ತ ಸೇರಿದ್ದರೆ ನಡುಗೆರೆ ಅಲುಗುವುದಿಲ್ಲ. ಅದು ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವ ಚಿತ್ರ. ಎಪ್ಪತ್ತೈದು ವರ್ಷದವರ ಮೆದುಳು ಇಪ್ಪತ್ತೈದು ವರ್ಷದವರದರಂತೆ ತುಂಬಿಕೊಂಡು, ಮಡಿಕೆಗಳೇ ಇಲ್ಲದೆ ಕಂಡರೆ ಸಂತೋಷಪಡಬಾರದು. ಆ ವಯಸ್ಸಿನಲ್ಲಿ ಮೆದುಳು ಅಷ್ಟೋ ಇಷ್ಟೋ ಸೊರಗಿರಲೇಬೇಕು. ಸೊರಗಿಲ್ಲ ಎಂದು ಕಂಡರೆ ಎರಡೂ ಬದಿಯಿಂದ ಏನೋ ಒತ್ತುತ್ತಿದೆ. ಅನುಮಾನ ಉಳಿದರೆ ಎಂ.ಆರ್.ಐ. ಮಾಡಿಸಬೇಕು. ಅದರಲ್ಲಿ ಬೂದು ಬಣ್ಣದ ಈ ರಕ್ತ ಅಡಗಲಾರದು.

ರಕ್ತ ತೆಳು ಮಾಡುವ ಮಾತ್ರೆಗಳದ್ದು ಇನ್ನೊಂದು ಅಧ್ಯಾಯ. ಹೃದಯದ ಕವಾಟ ಬದಲಾಯಿಸಿಕೊಂಡವರು ಅಸಿಟ್ರೋಮ್ ಅಥವಾ ವಾರ್ಫರಿನ್ ತೆಗೆದುಕೊಳ್ಳುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರು ಇಕೋಸ್ಪ್ರಿನ್, ಕ್ಲೋಪಿಡೋಗ್ರೆಲ್ ನುಂಗುತ್ತಾರೆ. ಅಸಿಟ್ರೋಮ್, ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಸೋರಿದ ರಕ್ತ ಬೇಗ ಹೆಪ್ಪಾಗುವುದಿಲ್ಲ. ಅಂಗಾತ ಮಲಗಿರುವ ರೋಗಿಯಲ್ಲಿ ಕೆಂಪುಕಣಗಳು ಭಾರಕ್ಕೆ ಹಿಂದಲೆಯ ಕಡೆ ಇಳಿದು ಬೆಳ್ಳಗಾಗುತ್ತವೆ, ತಿಳಿ ಮುಂದುಗಡೆ ಕಪ್ಪಗೆ ನಿಲ್ಲುತ್ತದೆ. ಆರಂಭದಲ್ಲಿ ಹೇಳಿದ ನೇರ ಗೆರೆ ಇದೇ. ಆ ಗೆರೆ ಕಂಡರೆ ನನ್ನ ಮೊದಲ ಪ್ರಶ್ನೆ, ಇವರು ಯಾವ ಮಾತ್ರೆಯಲ್ಲಿದ್ದಾರೆ? ಉತ್ತರ ಸಿಕ್ಕಿದ ಕೂಡಲೆ ಆ ಮಾತ್ರೆಯ ಪರಿಣಾಮವನ್ನು ತಗ್ಗಿಸುವ ಚಿಕಿತ್ಸೆ ಶುರುಮಾಡಬಹುದು. ಸಿಗದಿದ್ದರೆ ರಕ್ತಪರೀಕ್ಷೆಗೆ ಕಾಯಬೇಕು, ಅಷ್ಟರಲ್ಲಿ ಗೆಡ್ಡೆ ಬೆಳೆಯುತ್ತಿರುತ್ತದೆ. ವಾಶಿಯಲ್ಲೋ ನೆರೂಳಿನಲ್ಲೋ ಒಂಟಿಯಾಗಿರುವ ಹಿರಿಯರು ತಮ್ಮ ಮಾತ್ರೆಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಆಧಾರ್ ಕಾರ್ಡಿನ ಜೊತೆಗೆ ಇಟ್ಟುಕೊಳ್ಳಲಿ ಎಂಬುದು ನನ್ನ ಕಳಕಳಿಯ ಬೇಡಿಕೆ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಸಣ್ಣ ಏಟಾದರೂ ಸ್ಕ್ಯಾನ್ ಮಾಡಿಸುವುದೇ ಕ್ಷೇಮ.

ಇನ್ನು ಸ್ಕ್ಯಾನ್ ನಿಜಕ್ಕೂ ನಾರ್ಮಲ್ ಇದ್ದಾಗಿನ ಮಾತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತೇವೆ. ತಲೆಯ ಪೆಟ್ಟಿನಲ್ಲಿ ದೊಣ್ಣೆ ತಪ್ಪಿತೋ ಇಲ್ಲವೋ ಎಂದು ತಿಳಿಯಲು ಒಂದೆರಡು ದಿನ ಬೇಕು. ಮೆದುಳಿನ ಜಜ್ಜುಗಾಯ ಮೊದಲ ಚಿತ್ರದಲ್ಲಿ ಸಾಸಿವೆ ಕಾಳಿನಷ್ಟಿದ್ದು 24ರಿಂದ 48 ಗಂಟೆಗಳಲ್ಲಿ ಹಲವು ಪಟ್ಟು ಹಿಗ್ಗಬಹುದು. ಅದು ಕಾಣುವ ಜಾಗವೂ ಮನೆಯವರನ್ನು ಗೊಂದಲಕ್ಕೆ ಹಾಕುತ್ತದೆ. ಹಿಂದಲೆ ನೆಲಕ್ಕೆ ಬಡಿದಿರುತ್ತದೆ, ಊತ ಅಲ್ಲೇ ಇರುತ್ತದೆ, ರಕ್ತ ಮಾತ್ರ ಹಣೆಯ ಹಿಂದಿನ ಮೆದುಳಿನಲ್ಲಿ. ಬಿದ್ದ ರಭಸಕ್ಕೆ ಮೆದುಳು ತಲೆಬುರುಡೆಯೊಳಗೆ ಓಲಾಡಿ, ಎದುರು ಬದಿಯ ಒರಟು ಮೂಳೆಗೆ ಉಜ್ಜಿಕೊಳ್ಳುವುದರಿಂದ ಹೀಗಾಗುತ್ತದೆ.

ಕ್ರಿಕೆಟಿಗ ರಮಣ್ ಲಾಂಬಾ ಅವರನ್ನು ಹಿರಿಯ ಕೇಳುಗರು ಮರೆತಿರಲಾರರು. 1998ರ ಫೆಬ್ರವರಿ 20ರಂದು ಢಾಕಾದಲ್ಲಿ ಕ್ಲಬ್ ಪಂದ್ಯವೊಂದರಲ್ಲಿ ಅವರು ಹೆಲ್ಮೆಟ್ ಇಲ್ಲದೆ ಫಾರ್ವರ್ಡ್ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದರು. ಬ್ಯಾಟಿನಿಂದ ಸಿಡಿದ ಚೆಂಡು ತಲೆಗೆ ಬಡಿಯಿತು. ಎದ್ದು, ಮೈದಾನದಿಂದ ನಡೆದುಕೊಂಡೇ ಹೊರಬಂದರು. ಸ್ವಲ್ಪ ಹೊತ್ತಿನಲ್ಲಿ ಸ್ಥಿತಿ ಕೆಟ್ಟಿತು, ಶಸ್ತ್ರಚಿಕಿತ್ಸೆಯಾದರೂ 23ರಂದು ತೀರಿಕೊಂಡರು. ಅದಕ್ಕೂ ಹಿಂದೆ, 1962ರಲ್ಲಿ, ಬಾರ್ಬಡೋಸ್‌ನಲ್ಲಿ ಚಾರ್ಲಿ ಗ್ರಿಫಿತ್ ಅವರ ಎಸೆತ ನಮ್ಮ ನಾಯಕ ನಾರಿ ಕಾಂಟ್ರಾಕ್ಟರ್ ಅವರ ತಲೆಗೆ ಬಡಿದಾಗ ಸಿ.ಟಿ. ಎಂಬುದೇ ಇರಲಿಲ್ಲ. ರೋಗಿಯ ಕಣ್ಣುಪಾಪೆ, ಕೈಕಾಲಿನ ಬಲ, ನಾಡಿ ಇವನ್ನೇ ನಂಬಿ ತಲೆಬುರುಡೆ ತೆರೆಯಬೇಕಿತ್ತು. ಶಸ್ತ್ರಚಿಕಿತ್ಸೆಗೆ ರಕ್ತ ಕೊಟ್ಟವರಲ್ಲಿ ವೆಸ್ಟ್ ಇಂಡೀಸ್ ನಾಯಕ ಫ್ರಾಂಕ್ ವೊರೆಲ್ ಒಬ್ಬರು. ಕಾಂಟ್ರಾಕ್ಟರ್ ಬದುಕಿದರು, ದೇಶೀಯ ಕ್ರಿಕೆಟ್ಟಿಗೂ ಮರಳಿದರು. ಅಂದಿನ ವೈದ್ಯರು ರೋಗಿಯ ಪಕ್ಕದಲ್ಲಿ ಕೂತು ಗಂಟೆಗೊಮ್ಮೆ ನೋಡುತ್ತಿದ್ದ ಆ ನೋಟದ ಬೆಲೆ, ಯಂತ್ರ ಬಂದ ಮೇಲೂ ಕಮ್ಮಿಯಾಗಿಲ್ಲ ಎಂದು ನಾನು ನಂಬಿದ್ದೇನೆ.

ಸ್ಕ್ಯಾನ್ ನಾರ್ಮಲ್ ಎಂದು ಮನೆಗೆ ಕರೆತಂದವರನ್ನು ಎರಡು ದಿನ ಒಂಟಿಯಾಗಿ ಬಿಡಬೇಡಿ. ಮಲಗಲು ಬಿಡಲೇಬಾರದು ಎಂಬ ನಂಬಿಕೆ ನಮ್ಮಲ್ಲಿದೆ, ಅದು ಬೇಡ. ಮಲಗಲಿ, ಆದರೆ ವೈದ್ಯರು ಹೇಳಿದಷ್ಟು ಗಂಟೆಗೊಮ್ಮೆ ಎಬ್ಬಿಸಿ ಹೆಸರು, ಊರು ಕೇಳಿ. ತಲೆನೋವು ಏರುತ್ತ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಮಾತು ತೊದಲಿದರೆ, ಒಂದು ಕಣ್ಣುಪಾಪೆ ದೊಡ್ಡದಾದರೆ, ಫಿಟ್ಸ್ ಬಂದರೆ, ಮೂಗು ಕಿವಿಯಿಂದ ನೀರಿನಂಥದ್ದು ಸೋರಿದರೆ 108ಕ್ಕೆ ಫೋನ್ ಮಾಡಿ. ಪಿತ್ತ ಕೆದರಿದೆ ಎಂದು ಶುಂಠಿ ಕಷಾಯ ಕೊಟ್ಟು ಕೂರಬೇಡಿ. ಕುಡಿದು ಬಿದ್ದವರ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು. ಬಾಯಿಯ ವಾಸನೆಯನ್ನು ನೋಡಿ ಅವರ ಮಂಪರಿಗೆಲ್ಲ ಹೆಂಡವೇ ಕಾರಣ ಎಂದು ಮೂಲೆಗೆ ಮಲಗಿಸುತ್ತಾರೆ. ವರ್ಷಗಟ್ಟಲೆ ಕುಡಿದವರ ಮೆದುಳು ಸೊರಗಿರುತ್ತದೆ, ಯಕೃತ್ತು ಕೆಟ್ಟು ರಕ್ತ ಹೆಪ್ಪಾಗುವ ಶಕ್ತಿಯೂ ಕುಂದಿರುತ್ತದೆ. ಒಳಗೆ ರಕ್ತ ಸೋರುವ ಸಾಧ್ಯತೆ ಅವರಲ್ಲೇ ಹೆಚ್ಚು.

ಕೆಲವರದು ಬಿದ್ದು ರಕ್ತ ಸೋರಿದ್ದಲ್ಲ, ರಕ್ತ ಸೋರಿ ಬಿದ್ದದ್ದು. ಸ್ಕೂಟರಿನಿಂದ ಬಿದ್ದ ಐವತ್ತೈದರ ಗೃಹಸ್ಥರ ಸ್ಕ್ಯಾನಿನಲ್ಲಿ ರಕ್ತ ಮೆದುಳಿನ ಮೇಲ್ಮೈಯಲ್ಲಿರದೆ ಆಳದಲ್ಲಿ, ಬಿ.ಪಿ. ಏರಿದವರಲ್ಲಿ ಒಡೆಯುವ ಸಣ್ಣ ನಾಳಗಳ ಜಾಗದಲ್ಲಿ ಇದ್ದರೆ, ಸವಾರಿಯ ನಡುವೆಯೇ ಪಾರ್ಶ್ವವಾಯು ಬಡಿದು ಬಿದ್ದಿರಬಹುದು. ಮೆದುಳಿನ ತಳದ ನೀರಿನ ಕೊಳಗಳಲ್ಲೆಲ್ಲ ರಕ್ತ ತುಂಬಿದ್ದರೆ ನಾಳದ ಗುಳ್ಳೆಯೊಂದು ಒಡೆದು ಬಿದ್ದಿರಬಹುದು. "ಬೀಳುವ ಮೊದಲೇ ತಲೆ ಹಿಡಿದುಕೊಂಡ್ರು ಸಾರ್" ಎಂದು ರಿಕ್ಷಾದವನು ಹೇಳಿದರೆ ಮುಂದಿನ ಪರೀಕ್ಷೆಗಳ ದಿಕ್ಕೇ ಬೇರೆಯಾಗುತ್ತದೆ. ಇಂಥ ದಾರಿಹೋಕರನ್ನು ರಕ್ಷಿಸಲೆಂದೇ 2019ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ 134ಎ ಕಲಮನ್ನು ಸೇರಿಸಿತು. ಗಾಯಾಳುವನ್ನು ಕರೆತಂದವರು ಹೆಸರು ಹೇಳಲೇಬೇಕೆಂದಿಲ್ಲ. ಕಂಡದ್ದನ್ನು ಹೇಳಿ ಹೋಗಬಹುದು. ಪೊಲೀಸು, ಕೋರ್ಟು ಎಂದು ಹೆದರಬೇಕಾಗಿಲ್ಲ.

ಹಿರಿಯರ ವಿಷಯಕ್ಕೆ ಬರುತ್ತೇನೆ ಎಂದಿದ್ದೆ. ವಯಸ್ಸಾದಂತೆ ಮೆದುಳು ಕುಗ್ಗಿ, ಅದರಿಂದ ಹೊದಿಕೆಗೆ ಹಾಯುವ ಸಣ್ಣ ರಕ್ತನಾಳಗಳು ಎಳೆದು ಕಟ್ಟಿದಂತೆ ಬಿಗಿಯಾಗಿರುತ್ತವೆ. ಬಾಗಿಲ ಚೌಕಟ್ಟಿಗೆ ತಲೆ ತಾಗಿದರೂ ಸಾಕು, ಒಂದು ನಾಳ ಹರಿಯಬಹುದು. ಒಳಗೆ ಜಾಗ ಇರುವುದರಿಂದ ತಕ್ಷಣ ಏನೂ ತೊಂದರೆ ಕಾಣುವುದಿಲ್ಲ. ವಾರಗಳು ಕಳೆಯುತ್ತವೆ. ಹಳೆಯ ರಕ್ತದ ಸುತ್ತ ಒಂದು ಪೊರೆ ಬೆಳೆದು, ಆ ಪೊರೆಯ ಎಳೆಯ ನಾಳಗಳಿಂದ ಮತ್ತೆ ಮತ್ತೆ ಜಿನುಗಿ, ಗೆಡ್ಡೆ ದೊಡ್ಡದಾಗುತ್ತದೆ. ಆ ಹೊತ್ತಿಗೆ ಏಟು ಬಿದ್ದದ್ದು ಎಲ್ಲರಿಗೂ ಮರೆತಿರುತ್ತದೆ. ಅಪ್ಪ ಮಂಕಾಗಿದ್ದಾರೆ, ಊರು ಬಿಟ್ಟು ಬಂದ ಬೇಸರ ಎನ್ನುತ್ತಾರೆ ಮಕ್ಕಳು. ಅತ್ತೆಗೆ ಅರಳುಮರಳು ಶುರುವಾಯಿತು ಎನ್ನುತ್ತಾಳೆ ಸೊಸೆ. ನಡಿಗೆ ತೊಡರುತ್ತದೆ, ಬಟ್ಟೆಯಲ್ಲೇ ಮೂತ್ರವಾಗುತ್ತದೆ, ಒಂದು ಕೈಯಿಂದ ಲೋಟ ಜಾರುತ್ತದೆ. ಪಾರ್ಶ್ವವಾಯು ಎಂದು ತಿಳಿದು ರಕ್ತ ತೆಳು ಮಾಡುವ ಮಾತ್ರೆ ಶುರುಮಾಡಿದರೆ ಆಗುವ ಅನಾಹುತ ಊಹಿಸಿ. ಸ್ಕ್ಯಾನಿನಲ್ಲಿ ಈ ರಕ್ತ ಕಪ್ಪಗೋ, ಬೂದಾಗಿಯೋ, ಹೊಸತು ಹಳತು ಸೇರಿ ಪಟ್ಟೆಪಟ್ಟೆಯಾಗಿಯೋ ಕಾಣುತ್ತದೆ. ಬಿಳಿಯನ್ನೇ ಹುಡುಕುವ ಕಣ್ಣಿಗೆ ತಪ್ಪಿಹೋಗುವುದು ಸುಲಭ. ಹಿರಿಯರ ಸ್ವಭಾವ ಕೆಲವೇ ವಾರಗಳಲ್ಲಿ ಬದಲಾದರೆ, ಎರಡು ತಿಂಗಳ ಹಿಂದಿನ ಸಣ್ಣ ಪೆಟ್ಟನ್ನೂ ನೆನಪಿಸಿಕೊಂಡು ವೈದ್ಯರಿಗೆ ಹೇಳಿ. ಹಳೆಯ ಸ್ಕ್ಯಾನಿನ ಫಿಲ್ಮು, ಸಿ.ಡಿ. ಇದ್ದರೆ ಎಸೆಯದೆ ತನ್ನಿ. ಪಕ್ಕಪಕ್ಕದಲ್ಲಿಟ್ಟು ಹೋಲಿಸಿದಾಗ ಬೂದು ಬಣ್ಣದ ರಕ್ತವೂ ಎದ್ದು ಕಾಣುತ್ತದೆ.

ಇಷ್ಟೆಲ್ಲ ಹೆದರಿಸಿದ ಮೇಲೆ ಇದನ್ನೂ ಹೇಳಬೇಕು. ಅರಳುಮರಳು ಎಂದು ಕೈಬಿಟ್ಟವರಲ್ಲಿ ಕೆಲವರನ್ನು ಮರಳಿ ಮೊದಲಿನಂತೆ ಮಾಡಬಲ್ಲ ಕಾಯಿಲೆ ಇದು. ತಲೆಬುರುಡೆಯಲ್ಲಿ ಒಂದೆರಡು ತೂತು ಕೊರೆದು, ಎಂಜಿನ್ ಆಯಿಲಿನ ಬಣ್ಣದ ಹಳೆಯ ರಕ್ತವನ್ನು ಹೊರಬಿಟ್ಟು, ಸಲೈನಿನಲ್ಲಿ ತೊಳೆದು, ಒಂದೆರಡು ದಿನ ಸಣ್ಣ ನಳಿಕೆ ಇಡುತ್ತಾರೆ. ಆ ನಳಿಕೆಯ ಮಹತ್ವ 2009ರಲ್ಲಿ ಕೇಂಬ್ರಿಜ್‌ನ ವೈದ್ಯರು ಪ್ರಕಟಿಸಿದ ಅಧ್ಯಯನದಿಂದ ಗಟ್ಟಿಯಾಯಿತು. ನಳಿಕೆ ಇಡದವರಲ್ಲಿ ಶೇಕಡಾ 24 ಮಂದಿಗೆ ರಕ್ತ ಮತ್ತೆ ತುಂಬಿಕೊಂಡು ಇನ್ನೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗಿತ್ತು, ಇಟ್ಟವರಲ್ಲಿ 9ರಷ್ಟು ಮಂದಿಗೆ. ಶಸ್ತ್ರಚಿಕಿತ್ಸೆಯ ನಂತರದ ಸ್ಕ್ಯಾನ್ ನೋಡಿ ಮನೆಯವರು ಗಾಬರಿಯಾಗುವುದುಂಟು, ಏಕೆಂದರೆ ವರದಿಯಲ್ಲಿ ನೀರು ಉಳಿದಿದೆ, ಗಾಳಿ ಸೇರಿದೆ ಎಂದೆಲ್ಲ ಬರೆದಿರುತ್ತದೆ. ಗೆಡ್ಡೆಯ ಒತ್ತಡಕ್ಕೆ ಕುಗ್ಗಿದ ಮೆದುಳು ಮತ್ತೆ ಹಿಗ್ಗಿ ಆ ಜಾಗ ತುಂಬಲು ವಾರಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಅಜ್ಜ ತಾವೇ ಎದ್ದು ಬಚ್ಚಲಿಗೆ ಹೋಗಿ ಬರುತ್ತಿದ್ದರೆ, ಮೊಮ್ಮಕ್ಕಳ ಹೆಸರು ತಪ್ಪದೆ ಕರೆಯುತ್ತಿದ್ದರೆ, ಆ ವರದಿಯ ಮಾತಿಗೆ ಹೆದರಿ ವಾರ ವಾರವೂ ಸ್ಕ್ಯಾನ್ ಮಾಡಿಸಬೇಕಾಗಿಲ್ಲ. ತಲೆನೋವು ಮರಳಿದರೆ, ನಡಿಗೆ ಮತ್ತೆ ತೊಡರಿದರೆ ಅವತ್ತೇ ಕರೆತನ್ನಿ.